ರಕ್ತ ಕಂಡವರಿಗೆ ಹಸಿವು ಕಾಣಲಿಲ್ಲವೇ?

ಜಪಾನಿನ ‘ಚೈನ್‌ಸಾ ಮ್ಯಾನ್’ ಮಂಗಾ (ಚಿತ್ರಕಥೆ) ತಲೆಬುಡವಿಲ್ಲದ ರಕ್ತಪಾತ, ಅದರ ಬಗ್ಗೆ ಗಂಟೆಗಟ್ಟಲೆ ವಾದಿಸುವ ಹುಡುಗರು ಕೆಟ್ಟುಹೋಗುತ್ತಿದ್ದಾರೆ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಕೋಲಾರ ಚಿನ್ನದ ಗಣಿ ಪ್ರದೇಶ ಕೆಜಿಎಫ್‌ನ ಉರಿಗಾಂನಲ್ಲಿ ಕೂತು ಓದಿದ ನನಗೆ ನಗು ಬಂತು. ತತ್ಸುಕಿ ಫುಜಿಮೊಟೊ ಈ ಕಥೆ ಶುರುಮಾಡಿದ್ದು 2018ರ ಡಿಸೆಂಬರ್‌ನಲ್ಲಿ. ಅದೇ ತಿಂಗಳು ‘ಕೆಜಿಎಫ್’ ಸಿನಿಮಾ ಬಂತು. ತೆರೆಯ ಮೇಲೆ ಸಾಲುಸಾಲು ಹೆಣ ಉರುಳಿದಾಗ ಹಿರಿಯರೇ ಸಿಳ್ಳೆ ಹೊಡೆದರು. ಆಗ ಯಾರ ಸಂಸ್ಕೃತಿಯೂ ಕೆಡಲಿಲ್ಲ!

ಈ ಮಂಗಾದ ನಾಯಕ, ಹುಡುಗ ಡೆಂಜಿಯ ಕಥೆ ಮೊದಲ ಅಧ್ಯಾಯದಿಂದಲೇ ಸಾಲದ ಲೆಕ್ಕ. ಸತ್ತ ಅಪ್ಪನ ಸಾಲ ಮಗನ ತಲೆಗೆ ಬಿದ್ದಿದೆ. ಕಿಡ್ನಿ ಮಾರಿದ್ದಾನೆ, ಒಂದು ಕಣ್ಣನ್ನೂ ಮಾರಿದ್ದಾನೆ. ಅವನ ಮಹದಾಸೆ ಬ್ರೆಡ್ಡಿಗೆ ಜಾಮ್ ಹಚ್ಚಿ ತಿನ್ನುವುದು. ನಗಬೇಕೋ ಅಳಬೇಕೋ? ಹುಡುಗರ ಜಗಳವೂ ಇಲ್ಲೇ. ಊಟ, ಹಾಸಿಗೆ ಕೊಟ್ಟು ಕೆಲಸಕ್ಕಿಟ್ಟುಕೊಂಡ ಮಕಿಮಾಳನ್ನು ಅವನು ನಂಬಿದ್ದು ದಡ್ಡತನವೋ, ಬೇರೆ ದಾರಿಯೇ ಇರಲಿಲ್ಲವೋ? 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿಸಿಕೊಂಡ ನಮ್ಮೂರಿನ ಮಕ್ಕಳಿಗೆ ಇದು ಬರೀ ಜಪಾನಿನ ಪ್ರಶ್ನೆಯಲ್ಲ. ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರು ಇವರು. ಫೋನಿನಲ್ಲಿ ಅಧ್ಯಾಯ ತೆರೆದುಕೊಂಡು ಕನ್ನಡ, ತಮಿಳು ಬೆರೆಸಿ ವಾದಿಸುತ್ತಾರೆ. ಕೆಟ್ಟವರ ಲಕ್ಷಣವೇ ಇದು?

ಚಿಕ್ಕ ಮಕ್ಕಳಿಗೆ ಇದು ಬೇಡ, ಒಪ್ಪಿದೆ. ಆದರೆ ಲೇಖಕರು ಓದಿದ್ದೆಷ್ಟು? ಮೊದಲ ಅಧ್ಯಾಯದಲ್ಲೇ ಡೆಂಜಿಗೆ ತನ್ನ ಹೃದಯ ಕೊಟ್ಟುಬಿಡುವ, ನಾಯಿಮರಿಯಂಥ ಸಂಗಾತಿ ಪೊಚಿಟಾನ ಹೆಸರೇ ಅವರ ಲೇಖನದಲ್ಲಿಲ್ಲ.