ಪತ್ರ ನೋಡಲು ವಕೀಲರು, ಗೋಡೆ ನೋಡಲು ಯಾರು?

ಶಾಲೆಯ ಚಾವಣಿ ಕಳಚಿ ಬಿತ್ತು ಎಂದು ನಾವು ಎಷ್ಟು ಸಲ ಸುದ್ದಿ ಕಳಿಸಿಲ್ಲ? ‘ಮೊದಲೇ ಎಂಜಿನಿಯರ್ ಪರಿಶೀಲಿಸಬೇಕಿತ್ತು’ ಎಂದು ಕೊನೆಯ ಪ್ಯಾರಾದಲ್ಲಿ ಬುದ್ಧಿಯನ್ನೂ ಹೇಳಿದ್ದೇವೆ. ಅದೇ ನಾವು ಸ್ವಂತ ದುಡ್ಡಿನಲ್ಲಿ ಹಳೆಯ ಮನೆ ಕೊಳ್ಳಲು ಹೊರಟಾಗ ಎಂಜಿನಿಯರ್ ನೆನಪಾಗಲಿಲ್ಲ.

ವರದಿಗಿಷ್ಟು ಎಂದು ಬರುವ ಸಂಭಾವನೆ ನಂಬಿದವರಿಗೆ ತಿಂಗಳ ಬಾಡಿಗೆ ದೊಡ್ಡ ಆಸರೆ. ಅದಕ್ಕೇ ಅಣ್ಣ-ತಮ್ಮ ಇಬ್ಬರೂ ಸೇರಿ ಹಾವೇರಿಯಲ್ಲಿ ಸುಮಾರು 30 ವರ್ಷದ ಆರ್‌ಸಿಸಿ ಮನೆಯೊಂದನ್ನು ನೋಡಿದೆವು. ಹೇಳಿದ ಬೆಲೆ 22 ಲಕ್ಷ. ಬಾಡಿಗೆ 7,000 ಬರಬಹುದೆಂಬ ಲೆಕ್ಕ. ಉತಾರ, ಋಣಭಾರ ಪತ್ರ ತೆಗೆಸಿ ವಕೀಲರಿಗೆ ತೋರಿಸಿದೆವು. ಕಟ್ಟಡವನ್ನು ಮಾತ್ರ ತೋರಿಸಿದ್ದು ದಲ್ಲಾಳಿ ಕರೆತಂದ ಗೌಂಡಿಗೆ.

‘ಏನಿಲ್ರೀ ಸರ, ನೀರು ಬಸಿಯೋ ಕಡೆ ಸಿಮೆಂಟ್ ಹೊಡದು ಬಣ್ಣ ಹಚ್ಚಿದ್ರ ಆತು. ಅರವತ್ತು ಸಾವಿರದಾಗ ಮುಗೀತೈತ್ರಿ’ ಎಂದ ಆತ.

ಸಂಚಕಾರ ಕೊಡಲು ಎರಡು ದಿನವಿದ್ದಾಗ ಗೆಳೆಯನೊಬ್ಬ ಬೈದು, ಸಿವಿಲ್ ಎಂಜಿನಿಯರ್ ಒಬ್ಬರನ್ನು ಕಳಿಸಿದ. ಅವರ ಫೀ 5,000 ರೂಪಾಯಿ. ಕೊಡುವಾಗ ಹೊಟ್ಟೆ ಉರಿದದ್ದು ನಿಜ.

ಅವರು ಏಣಿ ಹತ್ತಿ ಚಾವಣಿಯನ್ನು ಸಣ್ಣ ಸುತ್ತಿಗೆಯಿಂದ ಕುಟ್ಟುತ್ತಾ ಹೋದರು. ಬಚ್ಚಲಿನ ಹತ್ತಿರ ಸದ್ದು ಟೊಳ್ಳಾಯಿತು. ಅಲ್ಲಿ ಕೆತ್ತಿದರೆ ಒಳಗಿನ ರಾಡು ತುಕ್ಕು ಹಿಡಿದು ಪದರ ಪದರವಾಗಿ ಉದುರಿತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಸಿಮೆಂಟ್ ಬಳಿದರೆ ರೋಗ ಮುಚ್ಚುತ್ತದೆಯೇ ಹೊರತು ವಾಸಿಯಾಗುವುದಿಲ್ಲ ಎಂದು ವಿವರಿಸಿದರು. ವೈರಿಂಗ್‌ಗೆ ಅರ್ಥಿಂಗ್ ಇರಲಿಲ್ಲ. ಶೌಚದ ಗುಂಡಿ ತುಂಬಿ ನೀರು ಗೋಡೆಗೆ ಏರುತ್ತಿತ್ತು. ಒಂದೊಂದು ಕೆಲಸಕ್ಕೂ ಅಳತೆ, ದರ ಬರೆದು ಕೊಟ್ಟ ಅಂದಾಜು 4.6 ಲಕ್ಷ. ಅಂದರೆ ಐದೂವರೆ ವರ್ಷದ ಬಾಡಿಗೆ!

ಬ್ಯಾಂಕಿನವರು ಮೌಲ್ಯಮಾಪನ ಮಾಡಿಸುತ್ತಾರಲ್ಲ ಎನ್ನುವವರಿದ್ದಾರೆ. ಅದು ಸಾಲಕ್ಕೆ ಆಸ್ತಿ ಸಾಕೇ ಎಂದು ನೋಡುವ ಲೆಕ್ಕ, ನಮ್ಮ ರಿಪೇರಿಯ ಲೆಕ್ಕವಲ್ಲ. ಕಾನೂನಿದೆಯಲ್ಲ ಎನ್ನುವವರೂ ಇದ್ದಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವರು ತಿಳಿಸಬೇಕು. ಆದರೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಕೊಳ್ಳುವವರಿಗೇ ಕಾಣುತ್ತಿದ್ದ ದೋಷಕ್ಕೆ ಈ ಮಾತು ಅನ್ವಯಿಸದು. ನೋಡುವ ಹೊಣೆ ನಮ್ಮದೇ.

ಗೌಂಡಿಯ ಅನುಭವವನ್ನು ನಾವು ಹಗುರ ಮಾಡುತ್ತಿಲ್ಲ. ಕೆಲಸ ಮಾಡುವವರು ಅವರೇ. ಆದರೆ ವ್ಯಾಪಾರ ಕುದುರಿದರೆ ಮಾತ್ರ ಸಂಪಾದನೆ ಇರುವವರಿಂದ ಅಂದಾಜು ಪಡೆಯಬಾರದು. ಅಂದಾಜು ಕೊಡುವವರಿಗೆ ಆ ಮನೆಯ ದಲ್ಲಾಳಿ ಕಮಿಷನ್ನೂ ಬೇಡ, ರಿಪೇರಿ ಗುತ್ತಿಗೆಯೂ ಬೇಡ. ಸಾಧ್ಯವಾದರೆ ಮಳೆಗಾಲದಲ್ಲಿ ತೋರಿಸಿ. ಮೊತ್ತವನ್ನು ಬಾಯಲ್ಲಿ ಕೇಳದೆ ಕೆಲಸವಾರು ಬರೆಸಿಕೊಳ್ಳಿ. ಗೋಡೆಯೊಳಗಿನ ಪೈಪು ಎಂಜಿನಿಯರ್ ಕಣ್ಣಿಗೂ ಕಾಣದು, ಅದಕ್ಕೂ ಸ್ವಲ್ಪ ಹಣ ತೆಗೆದಿಡಿ. ಇದೆಲ್ಲ ಸಂಚಕಾರ ಕೊಡುವ ಮೊದಲೇ ಆಗಬೇಕು.

ಅಂದಾಜು ಪಟ್ಟಿ ಹಿಡಿದು ಚೌಕಾಸಿಗೆ ಕೂತೆವು. ಮಾಲೀಕರು 50 ಸಾವಿರಕ್ಕಿಂತ ಹೆಚ್ಚು ಇಳಿಯಲಿಲ್ಲ. ನಾವು ಎದ್ದು ಬಂದೆವು.

ಈಗ ಆ ಮನೆ ಬೇರೆಯವರ ಪಾಲಾಗಿದೆ. ಗೋಡೆಗೆ ಹೊಸ ಬಣ್ಣ ಬಂದಿದೆ, ಅಂಗಳದಲ್ಲಿ ಬಾಡಿಗೆದಾರರ ಮಕ್ಕಳ ಸೈಕಲ್ ನಿಂತಿದೆ. ಚಾವಣಿ ದುರಸ್ತಿ ಆಗಿದೆಯೋ ಇಲ್ಲವೋ, ಹೊರಗಿನಿಂದ ಕಾಣುವುದಿಲ್ಲ. ಬಾಡಿಗೆಗೆಂದು ಮನೆ ಕೊಳ್ಳುವ ನಾವು ಲಾಭ-ನಷ್ಟದ ಲೆಕ್ಕ ಹಾಕುತ್ತೇವೆ. ಆ ಚಾವಣಿ ಕೆಳಗೆ ಮಲಗುವವರು ಮಾತ್ರ ಬೇರೆಯವರು. 5,000 ರೂಪಾಯಿ ಫೀ ಅವರ ಸಲುವಾಗಿಯೂ ಕೊಡಬೇಕಾದದ್ದು.