ಐವತ್ತು ದಾಟಿದವಳ ರಕ್ತ ಯಾರ ಲೆಕ್ಕದಲ್ಲಿದೆ?

ಕೆನ್ಯಾ 2011ರಲ್ಲಿ ನಡೆಸಿದ ರಾಷ್ಟ್ರೀಯ ಸೂಕ್ಷ್ಮ ಪೋಷಕಾಂಶ ಸಮೀಕ್ಷೆಯು ಮಹಿಳೆಯರ ರಕ್ತದಲ್ಲಿ ಕಬ್ಬಿಣ, ಸತು, ವಿಟಮಿನ್ ಎ ಎಷ್ಟಿದೆಯೆಂದು ಅಳೆಯಿತು. ಆದರೆ 49 ವರ್ಷಕ್ಕೆ ಲೆಕ್ಕ ನಿಂತುಹೋಯಿತು. ನಮ್ಮಲ್ಲೂ ಅಷ್ಟೇ. ಕರ್ನಾಟಕದ ಶೇ 47.8ರಷ್ಟು ಮಹಿಳೆಯರಲ್ಲಿ ರಕ್ತಹೀನತೆ ಇದೆಯೆಂದು 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದು 15ರಿಂದ 49 ವರ್ಷದವರ ಬಗ್ಗೆ ಮಾತ್ರ. ಹೆರುವ ವಯಸ್ಸು ಮುಗಿದೊಡನೆ ಹೆಣ್ಣಿನ ಪೋಷಣೆ ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ. ಇದು ಅನ್ಯಾಯ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ, ಇನ್ಸುಲಿನ್ನಿಗೆ ದೇಹ ಮೊದಲಿನಂತೆ ಸ್ಪಂದಿಸುವುದಿಲ್ಲ. ಕೆನ್ಯಾದ 2015ರ ಸಮೀಕ್ಷೆಯಲ್ಲಿ ಅತಿತೂಕ ಅಥವಾ ಬೊಜ್ಜು ಇದ್ದ ಗಂಡಸರು ಶೇ 17.5, ಹೆಂಗಸರು ಶೇ 38.5. ಇದು ಉಳ್ಳವರ ಕಾಯಿಲೆಯೆಂದು ತಿಳಿಯಬೇಕಿಲ್ಲ. ನೈರೋಬಿಯ ಕೊರೊಗೊಚೊ, ವಿವಂದಾನಿ ಕೊಳೆಗೇರಿಗಳ ಜನರ ಆರೋಗ್ಯವನ್ನು ಆಫ್ರಿಕನ್ ಜನಸಂಖ್ಯೆ ಮತ್ತು ಆರೋಗ್ಯ ಸಂಶೋಧನಾ ಕೇಂದ್ರ ವರ್ಷಗಳಿಂದ ಗಮನಿಸುತ್ತಿದೆ. ಅಲ್ಲಿಯೂ ನಡುವಯಸ್ಸಿನ ಹೆಂಗಸರಲ್ಲಿ ಬೊಜ್ಜು ಗಂಡಸರಿಗಿಂತ ಬಹಳ ಹೆಚ್ಚು.

ಆ ಓಣಿಗಳಲ್ಲಿ ಸೊಪ್ಪು ಮಾರುವವಳು ಸುಕುಮಾ ವಿಕಿ ಎಂಬ ಸೊಪ್ಪಿನ ಎಲೆಗಳನ್ನು ಸುರುಳಿ ಸುತ್ತಿ, ಅಂಗೈಯಲ್ಲೇ ಹಿಡಿದು, ಎಳೆ ಎಳೆಯಾಗಿ ಹೆಚ್ಚಿ ಕೊಡುತ್ತಾಳೆ. ಅಡುಗೆ ಎಣ್ಣೆಯೂ ಅಂದಿನ ಅಡುಗೆಗೆ ಬೇಕಾದಷ್ಟೇ ಸಿಗುತ್ತದೆ. ಹೊಟ್ಟೆ ತುಂಬುವುದು ಮಾತ್ರ ಮೆಕ್ಕೆಜೋಳದ ಮುದ್ದೆಯಾದ ಉಗಾಲಿಯಿಂದ. ಹೀಗೆ ಒಂದೇ ದೇಹದಲ್ಲಿ ಬೊಜ್ಜೂ ಇರುತ್ತದೆ, ಪೋಷಕಾಂಶಗಳ ಕೊರತೆಯೂ ಇರುತ್ತದೆ.

ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು. ಕಬ್ಬಿಣ ಕಡಿಮೆಯಿದ್ದರೆ ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಬೊಜ್ಜಿನ ದೇಹದಲ್ಲಿ ಉರಿಯೂತ ಇದ್ದರೆ, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಏರುತ್ತದೆ. ಆಗ ಕಬ್ಬಿಣ ಸಾಕಷ್ಟಿದೆ ಎಂದು ವೈದ್ಯರೂ ಮೋಸಹೋಗಬಹುದು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ವಿಟಮಿನ್ ಬಿ12 ಇಳಿಯಬಹುದು. ನೈರೋಬಿಯಲ್ಲಿ ನೆಲೆಸಿದ ಸಸ್ಯಾಹಾರಿ ಭಾರತೀಯ ಕುಟುಂಬಗಳ ಹಿರಿಯ ಹೆಂಗಸರಿಗೆ ಇದು ಇನ್ನೂ ಹತ್ತಿರದ ಅಪಾಯ. ಕಾಲು ಜುಮ್ಮೆಂದರೆ ಸಕ್ಕರೆಯಿಂದಲೇ ಎಂದುಕೊಂಡು ಸುಮ್ಮನಾಗುತ್ತಾರೆ, ಕಾರಣ ಬಿ12 ಕೊರತೆಯೂ ಇರಬಹುದು.

ಹಾಗೆಂದು ಸಿಕ್ಕ ಮಾತ್ರೆಯೆಲ್ಲ ನುಂಗುವುದು ದಾರಿಯಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದ 2,423 ಅಮೆರಿಕನ್ನರಿಗೆ ದಿನಕ್ಕೆ 4,000 ಯೂನಿಟ್ ವಿಟಮಿನ್ ಡಿ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಡಿ ಮಾತ್ರೆಯಿಂದ ಮಧುಮೇಹ ಗಮನಾರ್ಹವಾಗಿ ತಗ್ಗಲಿಲ್ಲ. ರಕ್ತದಲ್ಲಿ ಒಂದು ಅಂಶ ಕಡಿಮೆಯಿದೆ ಎಂದ ಮಾತ್ರಕ್ಕೆ ಅದೇ ಕಾಯಿಲೆಯ ಮೂಲವಲ್ಲ.

ಮಾತ್ರೆಯ ಬದಲು ಊಟದ ದಾರಿಯೂ ಇದೆ. ಪ್ಯಾಕೆಟ್ ಹಿಟ್ಟಿಗೆ ಪೋಷಕಾಂಶ ಬೆರೆಸುವುದನ್ನು ಕೆನ್ಯಾ 2012ರಲ್ಲೇ ಕಡ್ಡಾಯ ಮಾಡಿದೆ. ಆದರೆ ಬಡವರು ಹಿಟ್ಟು ಬೀಸಿಸುವ ಸಣ್ಣ ಪೋಶೋ ಗಿರಣಿಗಳಿಗೆ ಆ ಕಾನೂನು ತಲುಪಿಲ್ಲ. ನಮ್ಮ ರಾಗಿಯೇ ಆದ ವಿಂಬಿಯ ಗಂಜಿ, ನಮ್ಮ ಗಣಿಕೆ ಸೊಪ್ಪಿನ ಬಳಗದ ಮನಗು, ದಂಟಿನ ಸೊಪ್ಪು, ಮುಳ್ಳುಸಮೇತ ತಿನ್ನುವ ಪುಟ್ಟ ಒಮೆನಾ ಮೀನು ಅಲ್ಲಿನ ಮಾರುಕಟ್ಟೆಯಲ್ಲೇ ಇವೆ. ಬಿಪಿ, ಸಕ್ಕರೆ ನೋಡುವ ಆರೋಗ್ಯ ಕೇಂದ್ರಗಳು ಐವತ್ತು ದಾಟಿದವಳ ಹಿಮೋಗ್ಲೋಬಿನ್ನನ್ನೂ ನೋಡಲಿ. ಮೆಟ್‌ಫಾರ್ಮಿನ್ ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವಳಿಗೆ ಬಿ12 ಪರೀಕ್ಷೆ ಉಚಿತವಾಗಿ ಮಾಡಿಸಲಿ.