ಬೂತ್ ಕೆಲಸಕ್ಕೆ ಬೇಕಾದ ವಿದ್ಯಾರ್ಥಿ ಕಾಲೇಜು ಚುನಾವಣೆಗೆ ಏಕೆ ಬೇಡ?

2023ರ ಏಪ್ರಿಲ್ ಕೊನೆ, ವಿಧಾನಸಭಾ ಚುನಾವಣೆಯ ಹೊತ್ತು. ಬೆಂಗಳೂರಿನ ಹೂಡಿಯ ಒಂದು ಕಲ್ಯಾಣ ಮಂಟಪದ ಹಿಂದೆ ನಾವು ಹದಿನೆಂಟು ಮಂದಿ ಬಿಸಿಲಲ್ಲಿ ನಿಂತಿದ್ದೆವು. ಎಲ್ಲರೂ ಸುತ್ತಮುತ್ತಲಿನ ಎಂಜಿನಿಯರಿಂಗ್, ಡಿಗ್ರಿ ಕಾಲೇಜುಗಳ ಮೊದಲ ವರ್ಷದವರು. ಪಕ್ಷದ ಟೀ ಶರ್ಟ್ ಹಂಚುತ್ತಿದ್ದವನು ನಮ್ಮ ಕತ್ತಿನ ಕಡೆ ನೋಡಿ, ‘ಐಡಿ ಕಾರ್ಡ್ ತೆಗೆದು ಬ್ಯಾಗಿಗೆ ಹಾಕ್ಕೊಳ್ರಮ್ಮ, ಫೋಟೋದಲ್ಲಿ ಕಾಲೇಜ್ ಹೆಸರು ಬರಬಾರದು’ ಎಂದ. ತೆಗೆದು ಒಳಗಿಟ್ಟೆವು. ದಿನಕ್ಕೆ 500 ರೂಪಾಯಿ, ಮಧ್ಯಾಹ್ನ ಬಿರಿಯಾನಿ, ಸಂಜೆ ಆರರವರೆಗೆ ಮನೆಮನೆ ಪ್ರಚಾರ. ನನಗಾಗ ಓಟಿನ ವಯಸ್ಸೂ ಆಗಿರಲಿಲ್ಲ.

ಅದಕ್ಕೆ ಕೆಲವೇ ತಿಂಗಳ ಹಿಂದೆ ಅಡ್ಮಿಷನ್ ದಿನ ಕಾಲೇಜಿನ ಆಫೀಸಿನಲ್ಲಿ ಒಂದು ಮುಚ್ಚಳಿಕೆಗೆ ಸಹಿ ಹಾಕಿದ್ದೆ. ಅಪ್ಪನದೂ ಸಹಿ ಬೇಕಿತ್ತು. ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿರುವ ಅಪ್ಪ ಅರ್ಧ ದಿನದ ರಜೆ ಹಾಕಿ ಬಂದಿದ್ದರು. ಹಾಳೆಯ ಏಳನೇ ಸಾಲಿನಲ್ಲಿ, ಕಾಲೇಜಿನ ಒಳಗಾಗಲಿ ಹೊರಗಾಗಲಿ ಯಾವುದೇ ರಾಜಕೀಯ ಚಟುವಟಿಕೆಯಲ್ಲಿ ಭಾಗವಹಿಸುವುದಿಲ್ಲ ಎಂದಿತ್ತು. ಕೌಂಟರಿನ ಕ್ಲರ್ಕ್ ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ನಾವಿಬ್ಬರೂ ಸಹಿ ಮಾಡುತ್ತ ಹೋದೆವು.

ನಮ್ಮ ರಾಜ್ಯದ ವಿದ್ಯಾರ್ಥಿಗೆ ರಾಜಕೀಯದಲ್ಲಿ ಉಳಿಸಿರುವ ಜಾಗ ಇಷ್ಟೇ. ಐಡಿ ಕಾರ್ಡ್ ಕಳಚಿಟ್ಟು ಕೂಲಿಗೆ ಹೋಗಬಹುದು. ಅದೇ ಕಾರ್ಡ್ ಹಾಕಿಕೊಂಡು ತನ್ನ ಕಾಲೇಜಿನಲ್ಲಿ ಒಂದು ಓಟು ಹಾಕುವ ಹಾಗಿಲ್ಲ. ಇದು ಬದಲಾಗಬೇಕು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ನಡೆಯಬೇಕು. ಅದು ಖಾಸಗಿ ಕಾಲೇಜುಗಳಲ್ಲೂ ನಡೆಯಬೇಕು.

ಚುನಾವಣೆ ನಿಂತದ್ದು ಯಾವಾಗ ಎಂಬುದನ್ನು ನೆನಪಿಸಿಕೊಳ್ಳಿ. ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರ ಮಾರ್ಚಿನಲ್ಲಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, ವೀರೇಂದ್ರ ಪಾಟೀಲರ ಸರ್ಕಾರದ ಕಾಲದಲ್ಲಿ, ಇಲ್ಲಿ ಕಾಲೇಜು ಚುನಾವಣೆ ನಿಂತಿತು. ಹೊಡೆದಾಟ, ಜಾತಿ, ಹೊರಗಿನವರ ಹಸ್ತಕ್ಷೇಪ ಎಂಬ ಕಾರಣ ಕೊಟ್ಟರು. ಆ ಕಾರಣಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆ ಕಾಲ ಕಂಡ ಮೇಷ್ಟ್ರುಗಳ ಬಾಯಲ್ಲಿ ಕೇಳಿದ್ದೇನೆ. ಆದರೆ ದೇಶವನ್ನು ಆಳುವವರನ್ನು ಆರಿಸುವ ವಿವೇಕ ಹದಿನೆಂಟರವರಿಗೆ ಇದೆ ಎಂದು ಸಂಸತ್ತು ಒಪ್ಪಿಕೊಂಡಿತು, ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವಷ್ಟು ವಿವೇಕವೂ ಇಲ್ಲ ಎಂದು ನಮ್ಮ ರಾಜ್ಯ ತೀರ್ಮಾನಿಸಿತು. ಮೂವತ್ತೈದು ವರ್ಷ ದಾಟಿದರೂ ಆ ತೀರ್ಮಾನವನ್ನು ಯಾವ ಪಕ್ಷದ ಸರ್ಕಾರವೂ ತಿದ್ದಲಿಲ್ಲ. ಇವತ್ತಿಗೂ ನಮ್ಮ ಕ್ಲಾಸಿನ ಪ್ರತಿನಿಧಿ, ಅಂದರೆ ಸಿ.ಆರ್., ಯಾರೆಂದು ತೀರ್ಮಾನಿಸುವುದು ಹೋದ ಸೆಮಿಸ್ಟರಿನ ಅಂಕಪಟ್ಟಿ, ಇಲ್ಲವೇ ಎಚ್‌ಒಡಿ.

2025ರ ನವೆಂಬರಿನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ವಿದ್ಯಾರ್ಥಿ ಚುನಾವಣೆ ಮರಳಿ ತರುವ ಮಾತೆತ್ತಿದರು. ವಿದ್ಯಾರ್ಥಿ ನಾಯಕನಾಗಿಯೇ ಬೆಳೆದವರು ಅವರು. 1985ರಲ್ಲಿ ಸಾತನೂರಿನಲ್ಲಿ ಎಚ್.ಡಿ. ದೇವೇಗೌಡರ ಎದುರು ನಿಂತು ಸೋತು, 1989ರಲ್ಲಿ ಅದೇ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಬಂದವರು. ಎದುರು ಪಕ್ಷದ ಅನಂತಕುಮಾರ್ ಕೂಡ ವಿದ್ಯಾರ್ಥಿ ಪರಿಷತ್ತಿನಿಂದಲೇ ದಿಲ್ಲಿಯವರೆಗೆ ಹೋದರು. ತಾವು ಹತ್ತಿದ ಏಣಿಯನ್ನು ಆ ತಲೆಮಾರಿನವರು ನಮಗೆ ಉಳಿಸಲಿಲ್ಲ. ಈಗ ಮಾತು ಎದ್ದಿದೆ, ಸಂತೋಷ. ಆದರೆ ಮಾತು ಎದ್ದ ಕೂಡಲೇ ನಮ್ಮ ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ‘ಮಕ್ಕಳ ತಲೆಗೆ ರಾಜಕೀಯ ತುಂಬಬೇಡಿ’ ಎಂಬ ಸಂದೇಶಗಳು ಸಾಲುಗಟ್ಟಿದವು. ಅವರಿಗೆ ನಾನು ಕಂಡದ್ದನ್ನು ಹೇಳಬೇಕು.

2023ರ ಆ ಮೂರು ದಿನದ ಕೂಲಿಯ ನಂತರ ನಾನು ಒಂದು ವಿದ್ಯಾರ್ಥಿ ಸಂಘಟನೆ ಸೇರಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ದುಡ್ಡು ಮುಟ್ಟದೆ, ನಂಬಿಕೆಯಿಂದ ಓಡಾಡಿದೆ. ಏಪ್ರಿಲ್ 26 ಮತದಾನ. ಅದಕ್ಕೆ ವಾರದ ಹಿಂದೆ ವೈಟ್‌ಫೀಲ್ಡಿನ ಇಮ್ಮಡಿಹಳ್ಳಿ ರಸ್ತೆಯ ಕಡೆ ವೋಟರ್ ಸ್ಲಿಪ್ ಹಂಚುವ ಕೆಲಸ ನನಗೂ ಗೆಳತಿಗೂ ಬಿತ್ತು. ನಾಲ್ಕು ಮಹಡಿಯ ಒಂದು ಪಿಜಿ. ನಮ್ಮ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ವಿಳಾಸಕ್ಕೆ 23 ಹೆಸರು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಸಾಂಬಾರು ಕುದಿಯುತ್ತಿತ್ತು. ನಾನು ಒಂದೊಂದೇ ಹೆಸರು ಓದಿದೆ, ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಉತ್ತರ ಕೊಟ್ಟರು. ‘ಖಾಲಿ ಮಾಡಿದ.’ ‘ಪುಣೆಗೆ ಹೋದ, ಎರಡು ವರ್ಷ ಆಯ್ತು.’ ‘ಇದ್ಯಾರೋ ಗೊತ್ತಿಲ್ಲ ಕಣಮ್ಮ.’ ಕೊನೆಗೆ ಉಳಿದವರು ಇಬ್ಬರು. ಒಬ್ಬ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ. ಇನ್ನೊಬ್ಬ ಬಾಗಿಲಿಗೆ ಬಂದು, ‘ನಂದು ಊರಲ್ಲೂ ಓಟಿದೆ, ಅಲ್ಲೇ ಹಾಕ್ತೀನಿ ಬಿಡಿ’ ಎಂದ. ಎರಡು ಕಡೆ ಹೆಸರಿರುವುದು ತಪ್ಪು ಎಂಬುದು ಅವನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆವತ್ತು ಗಟ್ಟಿಯಾಗಿ ಗೊತ್ತಿರಲಿಲ್ಲ.

21 ಹೆಸರಿನ ಮುಂದೆ ಪೆನ್ಸಿಲಿನಲ್ಲಿ ‘ಇಲ್ಲ’ ಎಂದು ಬರೆದೆ. ಸಂಜೆ ಪಟ್ಟಿಯನ್ನು ಬೂತಿನ ಉಸ್ತುವಾರಿಯ ಕೈಗೆ ಕೊಟ್ಟೆ. ಅವರು ಹಾಳೆ ತಿರುವಿಯೂ ನೋಡಲಿಲ್ಲ. ‘ಇರೋರನ್ನ ಬೂತಿಗೆ ಕರ್ಕೊಂಡ್ ಬಾಮ್ಮ ಸಾಕು, ಇಲ್ದೋರ ಚಿಂತೆ ನಮಗ್ಯಾಕೆ’ ಎಂದರು. ಹೆಸರು ತೆಗೆಸಲು ನಮೂನೆ 7 ಎಂಬುದೊಂದು ಅರ್ಜಿ ಇದೆ, ಪ್ರತಿ ಪಕ್ಷವೂ ಪ್ರತಿ ಬೂತಿಗೆ ಒಬ್ಬ ಏಜೆಂಟನನ್ನು ನೇಮಿಸಿ ಪಟ್ಟಿ ಪರಿಶೀಲಿಸಬಹುದು, ಕರಡು ಪಟ್ಟಿ ಬಂದಾಗ ಆಕ್ಷೇಪಣೆ ಹಾಕಬಹುದು ಎಂಬುದೆಲ್ಲ ನನಗೆ ಗೊತ್ತಾದದ್ದು ಮುಂದಿನ ವರ್ಷ.

ಮುಂದಿನ ವರ್ಷ ಏನಾಯಿತೆಂದು ಎಲ್ಲರಿಗೂ ಗೊತ್ತು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ದಿಲ್ಲಿಯಲ್ಲಿ ನಮ್ಮ ಮಹದೇವಪುರ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯ ಕಂತೆ ಹಿಡಿದು, ಇಲ್ಲಿ 1,00,250 ಓಟುಗಳು ಕಳುವಾಗಿವೆ ಎಂದರು. ಎರಡೆರಡು ಸಲ ಬಂದ ಹೆಸರುಗಳು, ಇಲ್ಲದ ವಿಳಾಸಗಳು, ಒಂದೇ ಮನೆಯಲ್ಲಿ ಹತ್ತಾರು ಮತದಾರರು, ಮನೆ ಸಂಖ್ಯೆಯ ಜಾಗದಲ್ಲಿ ಬರೀ ಸೊನ್ನೆ. ಮಹದೇವಪುರವೂ ಸೇರಿದ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಗೆದ್ದ ಅಂತರ 32,707. ಮಹದೇವಪುರ ಒಂದರಲ್ಲೇ ಅವರಿಗೆ ಸಿಕ್ಕ ಮುನ್ನಡೆ 1,14,046. ಆರೋಪವನ್ನು ಚುನಾವಣಾ ಆಯೋಗ ಒಪ್ಪಲಿಲ್ಲ. ಪ್ರಮಾಣ ಮಾಡಿ ಸಹಿ ಹಾಕಿದ ವಿವರ ಕೊಡಿ ಎಂದಿತು. ಪಟ್ಟಿ ಪರಿಶೀಲಿಸಬೇಕಾದ ಹೊತ್ತಿನಲ್ಲಿ ಪಕ್ಷಗಳೂ ಅವುಗಳ ಬೂತ್ ಏಜೆಂಟರೂ ಪರಿಶೀಲಿಸಲಿಲ್ಲ ಎಂದೂ ಹೇಳಿತು.

ಆ ಕೊನೆಯ ಮಾತು ನನಗೆ ಚುಚ್ಚಿತು, ಏಕೆಂದರೆ ಪೆನ್ಸಿಲ್ ಹಿಡಿದು ನಿಂತಿದ್ದವಳು ನಾನೇ.

ನಮ್ಮ ಕಡೆಯ ಪಟ್ಟಿ ಕೆಟ್ಟಿರುವುದಕ್ಕೆ ಕಾರಣಗಳು ಒಂದೆರಡಲ್ಲ. ಮಹದೇವಪುರ, ಪೀಣ್ಯದ ಪಕ್ಕದ ದಾಸರಹಳ್ಳಿ, ಬೊಮ್ಮನಹಳ್ಳಿ, ಇವೆಲ್ಲ 2007ರವರೆಗೆ ಬೇರೆ ಬೇರೆ ನಗರಸಭೆಗಳು. ಅದಕ್ಕೂ ಹಿಂದೆ ಹಳ್ಳಿಗಳು. ನಮ್ಮ ಬೀದಿಯಲ್ಲಿ ಒಂದೇ ಮನೆಗೆ ಪಂಚಾಯಿತಿ ಕಾಲದ ನಂಬರ್ ಒಂದು, ನಗರಸಭೆಯದು ಇನ್ನೊಂದು, ಬಿಬಿಎಂಪಿಯದು ಮತ್ತೊಂದು. ಕೆಲವು ರೆವಿನ್ಯೂ ಬಡಾವಣೆಗಳಲ್ಲಿ ಸರ್ವೆ ನಂಬರ್ ಬಿಟ್ಟರೆ ಏನೂ ಇಲ್ಲ. ಬಾಡಿಗೆಗೆ ಬಂದವರು ವಿಳಾಸದ ದಾಖಲೆ ಬೇಕೆಂದು ವೋಟರ್ ಐಡಿ ಮಾಡಿಸಿಕೊಳ್ಳುತ್ತಾರೆ, ಕಂಪನಿ ಬದಲಾದರೆ ಗಂಟುಮೂಟೆ ಕಟ್ಟುತ್ತಾರೆ, ಹೆಸರು ಮಾತ್ರ ಇಲ್ಲೇ ಉಳಿಯುತ್ತದೆ. ಬೇಕೆಂದೇ ಕೈಯಾಡಿಸುವವರಿಗೆ ಇಂಥ ಪಟ್ಟಿ ಹಬ್ಬದೂಟ. 2022ರ ನವೆಂಬರಿನಲ್ಲಿ ಚಿಲುಮೆ ಸಂಸ್ಥೆಯ ಹಗರಣ ಹೊರಬಂದದ್ದು ಮರೆತಿಲ್ಲವಷ್ಟೆ? ಮತದಾರರ ಜಾಗೃತಿಯ ಹೆಸರಿನಲ್ಲಿ ಪಾಲಿಕೆಯ ಅನುಮತಿ ಪಡೆದು, ಬೂತ್ ಮಟ್ಟದ ಅಧಿಕಾರಿಗಳ (ಬಿಎಲ್‌ಒ) ವೇಷದಲ್ಲಿ ಜನರ ಮಾಹಿತಿ ಸಂಗ್ರಹಿಸಿದ ಆರೋಪ ಅದು. ಆಯೋಗ ಇಬ್ಬರು ಅಧಿಕಾರಿಗಳನ್ನು ಅಮಾನತು ಮಾಡಿಸಿ, ಮೂರು ಕ್ಷೇತ್ರಗಳ ಪಟ್ಟಿಯ ಸೇರ್ಪಡೆ ಮತ್ತು ಕೈಬಿಟ್ಟ ಹೆಸರುಗಳನ್ನು ಪೂರ್ತಿ ಮರುಪರಿಶೀಲಿಸಲು ಹೇಳಿತು. ಶಿವಾಜಿನಗರ, ಚಿಕ್ಕಪೇಟೆಯ ಜೊತೆಗೆ ಮೂರನೆಯದು ನಮ್ಮ ಮಹದೇವಪುರ.

ನಾನು ಕಂಡ 21 ಹೆಸರುಗಳು ಕಳ್ಳತನವೋ ಬರೀ ಕೊಳೆತ ಪಟ್ಟಿಯೋ, ತನಿಖೆಯಾಗದೆ ಹೇಳಲಾರೆ. ನನಗೆ ಗೊತ್ತಿರುವುದು ಒಂದು. ಚುನಾವಣೆ ಬಂದಾಗಲೆಲ್ಲ ಎಲ್ಲ ಪಕ್ಷಗಳೂ ನಮ್ಮನ್ನು ಸಾವಿರಗಟ್ಟಲೆ ಬೀದಿಗಿಳಿಸುತ್ತವೆ. ಪಟ್ಟಿ ಎಂದರೇನು, ಅದನ್ನು ಯಾರು ತಿದ್ದುತ್ತಾರೆ, ಎಣಿಕೆಯ ಮೇಜಿನ ಮುಂದೆ ಏನು ನೋಡಬೇಕು, ಇದನ್ನು ಯಾರೂ ಕಲಿಸುವುದಿಲ್ಲ. ಘೋಷಣೆ ಕೂಗಲು ಗಂಟಲು ಬೇಕು, ಸ್ಲಿಪ್ ಹಂಚಲು ಕಾಲು ಬೇಕು, ಅಷ್ಟೇ. ಕಲಿಯಬಹುದಾದ ಇನ್ನೊಂದು ಜಾಗ ವಾರ್ಡು. ಅದೂ ಇಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳದೇ ಆಡಳಿತ. ಅಷ್ಟರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಎಲೆಕ್ಟ್ರಾನಿಕ್ ಸಿಟಿಯಲ್ಲಂತೂ 2013ರಿಂದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ, ಅಲ್ಲಿ ಕಾರ್ಪೊರೇಟರ್ ಎಂಬ ಮನುಷ್ಯನೇ ಇಲ್ಲ. 2024ರಲ್ಲಿ ಬೆಂಗಳೂರು ಕೇಂದ್ರದಲ್ಲಿ ಸುಮಾರು ಶೇಕಡಾ 54ರಷ್ಟು ಮತದಾನವಾದಾಗ ಯುವಕರಿಗೆ ಆಸಕ್ತಿಯಿಲ್ಲ ಎಂದು ಟಿ.ವಿ.ಯಲ್ಲಿ ಬೈದರು. ಹತ್ತಿರದ ಯಾವ ಚುನಾವಣೆಯನ್ನೂ ನಡೆಸದೆ, ಐದು ವರ್ಷಕ್ಕೊಮ್ಮೆ ಬಂದು ಆಸಕ್ತಿ ಎಲ್ಲಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಗಲಾಟೆಯಾಗುತ್ತದೆ ಎನ್ನುವವರ ಭಯವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೇರಳದಲ್ಲಿ 2018ರಲ್ಲಿ ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ವಿದ್ಯಾರ್ಥಿ ನಾಯಕನೊಬ್ಬನನ್ನು ಇರಿದು ಕೊಂದರು. ಆ ತಾಯಿಯ ಮುಂದೆ ನಿಂತು ಯಾವ ವಾದವನ್ನೂ ಮಾಡಲು ನನ್ನಿಂದ ಆಗದು. ಆದರೂ ಕೇರಳ ಚುನಾವಣೆ ನಿಲ್ಲಿಸಲಿಲ್ಲ. ತಲಪಾಡಿ ದಾಟಿದರೆ ಮಂಜೇಶ್ವರದ ಸರ್ಕಾರಿ ಕಾಲೇಜಿನಲ್ಲಿ, ಕಾಸರಗೋಡಿನಲ್ಲಿ, ನಮ್ಮದೇ ಕನ್ನಡದ ಮಕ್ಕಳು ಓಟು ಹಾಕುತ್ತಾರೆ. ಗಡಿಯ ಈಚೆ ಮಂಗಳೂರಿನಲ್ಲಿ ಓದುವ ಅವರ ಅಕ್ಕತಂಗಿಯರಿಗೆ ಆ ಹಕ್ಕಿಲ್ಲ. ದಿಲ್ಲಿ ವಿಶ್ವವಿದ್ಯಾಲಯದಲ್ಲಿ 2024ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದಾಗ ಅಭ್ಯರ್ಥಿಗಳು ಗೋಡೆ ಗೋಡೆಗೆ ಪೋಸ್ಟರ್ ಬಡಿದರು. ಹೈಕೋರ್ಟ್ ಎಣಿಕೆಯನ್ನೇ ತಡೆಹಿಡಿದು, ಮೊದಲು ಸ್ವಚ್ಛ ಮಾಡಿ ಎಂದಿತು. ಫಲಿತಾಂಶ ಬಂದದ್ದು ನವೆಂಬರ್ ಕೊನೆಯಲ್ಲಿ. ತಪ್ಪು ನಡೆದರೆ ಹೀಗೆ ತಿದ್ದಬೇಕು.

ತಿದ್ದಲು ನಿಯಮವೂ ಸಿದ್ಧವಿದೆ. ವಿದ್ಯಾರ್ಥಿ ಚುನಾವಣೆ ಕುರಿತ ಜೆ.ಎಂ. ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು. ಅಚ್ಚು ಹಾಕಿದ ಪೋಸ್ಟರ್ ಕೂಡದು. ಶೇಕಡಾ 75ರಷ್ಟು ಹಾಜರಾತಿ ಬೇಕು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ 10 ದಿನದಲ್ಲಿ ಮುಗಿಯಬೇಕು. ಪಕ್ಷಗಳಿಂದ ದೂರವಿರಬೇಕು. ಪರಿಸ್ಥಿತಿ ಸರಿಯಿಲ್ಲದ ಕಡೆ ನಾಮನಿರ್ದೇಶನ ಮಾಡಬಹುದು, ಅದೂ ತಾತ್ಕಾಲಿಕ, ಐದು ವರ್ಷದೊಳಗೆ ಚುನಾವಣೆಗೆ ಬರಲೇಬೇಕು ಎಂದೂ ಅದೇ ಸಮಿತಿ ಹೇಳಿತ್ತು. ಲೆಕ್ಕ ಹಾಕಿದರೆ 2011ರೊಳಗೆ ಎಂದಾಯಿತು.

ಜಾತಿ, ದುಡ್ಡು ಕಾಲೇಜಿಗೆ ನುಗ್ಗುತ್ತದೆ ಎನ್ನುವವರೇ, ಅದು ಆಗಲೇ ನುಗ್ಗಿದೆ. ನಮ್ಮ ಕಾಲೇಜಿನಿಂದ ಹುಡುಗರನ್ನು ಪ್ರಚಾರಕ್ಕೆ ಕರೆದೊಯ್ಯುವ ಸೀನಿಯರ್‌ಗಳು ‘ನಮ್ಮೋರು’ ಯಾರು ಎಂದು ನೋಡಿಯೇ ಕರೆಯುತ್ತಾರೆ. ಅದನ್ನು ಎದುರಿಸಿ ಮಾತಾಡುವ ವೇದಿಕೆ ಕಾಲೇಜಿನೊಳಗೆ ಇಲ್ಲ. ಹಾಸ್ಟೆಲ್ ಫೀಸು ಏಕೆ ಏರಿತು, ರಾತ್ರಿ ಲ್ಯಾಬ್ ಮುಗಿಸಿ ಹೊರಟ ಹೆಣ್ಣುಮಕ್ಕಳಿಗೆ ಬಸ್ಸು ಏಕಿಲ್ಲ ಎಂದು ಕೇಳಲು ಮ್ಯಾನೇಜ್‌ಮೆಂಟ್ ಆರಿಸಿದ ಸಿ.ಆರ್.ಗೆ ಧೈರ್ಯ ಎಲ್ಲಿಂದ ಬರಬೇಕು?

ಹೋದ ಡಿಸೆಂಬರಿನಲ್ಲಿ ನಮ್ಮ ಕ್ಲಾಸಿನಲ್ಲಿ ನಾವೇ ಒಂದು ಚುನಾವಣೆ ಮಾಡಿಕೊಂಡೆವು. ಕೊನೆಯ ಅವಧಿ ಲೆಕ್ಚರರ್ ಬಂದಿರಲಿಲ್ಲ. ಹಾಜರಾತಿ ಪಟ್ಟಿಯಲ್ಲಿ 61 ಹೆಸರು. ಒಬ್ಬಳು ಬೋರ್ಡಿನ ಮುಂದೆ ನಿಂತು ಓದುತ್ತ ಬಂದಳು. ಮೂರನೇ ಸೆಮಿಸ್ಟರಿನಲ್ಲೇ ಕಾಲೇಜು ಬಿಟ್ಟ ಹುಡುಗನ ಹೆಸರು ಬಂದಾಗ ನಾಲ್ಕೈದು ಜನ ಒಟ್ಟಿಗೇ ‘ಅವನಿಲ್ಲ, ಹೊಡೆದುಹಾಕು’ ಎಂದರು. ಹೊಡೆದುಹಾಕಿದಳು. ಒಂದು ಹೆಸರಿನಿಂದ ಕೆಟ್ಟಿದ್ದ ಪಟ್ಟಿ ಅರ್ಧ ನಿಮಿಷದಲ್ಲಿ ಸರಿಯಾಯಿತು, ಏಕೆಂದರೆ ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದೆವು. ನಾನು ನಿಂತಿದ್ದೆ, ನಾಲ್ಕು ಓಟಿನಿಂದ ಸೋತೆ. ಎಣಿಸಿದ್ದನ್ನು ಕಣ್ಣಾರೆ ನೋಡಿದ್ದರಿಂದ ಸೋಲು ನನಗೆ ಸೋಲಾಗಿಯೇ ಕಂಡಿತು, ಮೋಸವಾಗಿ ಕಾಣಲಿಲ್ಲ. ಗೆದ್ದವನ ಹೆಸರನ್ನು ಡಿಪಾರ್ಟ್‌ಮೆಂಟಿಗೆ ಕೊಟ್ಟೆವು. ಅವರು ತೆಗೆದುಕೊಳ್ಳಲಿಲ್ಲ, ಸೋಮವಾರ ನೋಟಿಸ್ ಬೋರ್ಡಿನಲ್ಲಿ ಬೇರೆ ಹೆಸರಿತ್ತು.

ಸರ್ಕಾರ ಏನಾದರೂ ಮಾಡುವುದಿದ್ದರೆ ಆದೇಶದಲ್ಲಿ ಅನುದಾನರಹಿತ ಕಾಲೇಜುಗಳ ಹೆಸರು ಸ್ಪಷ್ಟವಾಗಿ ಬರಬೇಕು. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ನಮ್ಮಂಥವರು ಹೆಚ್ಚಾಗಿ ಓದುವುದು ಅಲ್ಲೇ. ಸರ್ಕಾರಿ ಕಾಲೇಜುಗಳಿಗೆ ಸೀಮಿತವಾದ ಚುನಾವಣೆ ನಮ್ಮನ್ನು ಮುಟ್ಟುವುದಿಲ್ಲ. ಜೊತೆಗೆ, ಸೇರುವಾಗ ರಾಜಕೀಯ ಬೇಡವೆಂದು ಬರೆಸಿಕೊಳ್ಳುವ ಮುಚ್ಚಳಿಕೆ ಅಸಿಂಧು ಎಂದು ಅದೇ ಆದೇಶದಲ್ಲಿ ಹೇಳಬೇಕು. ನನ್ನ ತಮ್ಮ ಈ ಸಲ ಸೆಕೆಂಡ್ ಪಿಯುಸಿ. ಇನ್ನು ಕೆಲವು ತಿಂಗಳಲ್ಲಿ ಅಪ್ಪ ಮತ್ತೆ ಅರ್ಧ ದಿನ ರಜೆ ಹಾಕಿ, ಯಾವುದೋ ಕಾಲೇಜಿನ ಕೌಂಟರಿನ ಮುಂದೆ ಅವನ ಪಕ್ಕ ನಿಲ್ಲುತ್ತಾರೆ.